ಬೆಳಗಾವಿಯ ಕುಟುಂಬಕ್ಕೊಂದು ಜೆಟ್ ಬೋಟ್: ಉಪ್ಪುನೀರಿಗೆ ಒಪ್ಪುವುದನ್ನು ಆರಿಸುವ ಸಮಗ್ರ ಮಾರ್ಗದರ್ಶಿ

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಪಣಜಿಗೆ ಸುಮಾರು 120 ಕಿ.ಮೀ. ದಾರಿ. ರಜೆ ಸಿಕ್ಕರೆ ಗೋವಾ, ವೆಂಗುರ್ಲಾ ಅಥವಾ ಕಾರವಾರದ ಕಡೆಗೆ ಗಾಡಿ ತಿರುಗಿಸುವುದು ಇಲ್ಲಿನ ಮನೆಗಳಿಗೆ ಹೊಸತೇನಲ್ಲ. ಹೀಗಾಗಿ ಅನುಕೂಲಸ್ಥರಲ್ಲಿ ಕೆಲವರು ಈಚೆಗೆ ಸ್ವಂತ ದೋಣಿಯ ಮಾತನ್ನೂ ಆಡತೊಡಗಿದ್ದಾರೆ, ಅದರಲ್ಲೂ ಮಕ್ಕಳಿರುವ ಮನೆಯವರ ಕಣ್ಣು ಹೊರಗೆ ಪ್ರೊಪೆಲ್ಲರ್ ಇಲ್ಲದೆ, ನೀರನ್ನು ಹಿಂದಕ್ಕೆ ಚಿಮ್ಮಿಸಿ ಓಡುವ ಜೆಟ್ ಬೋಟಿನ ಮೇಲೆ ಬೀಳುತ್ತದೆ. ಮಾರಾಟಗಾರರು ಅಶ್ವಶಕ್ತಿ, ಸ್ಪೀಕರ್, ಸೀಟಿನ ಹೊಲಿಗೆ ಇವುಗಳಿಂದಲೇ ಮಾತು ಆರಂಭಿಸುತ್ತಾರೆ. ಆದರೆ ಉಪ್ಪುನೀರಿನ ದೋಣಿಯನ್ನು ಆರಿಸುವವರು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡೇ: ಎಂಜಿನ್ನಿನೊಳಗೆ ಯಾವ ನೀರು ಹರಿಯುತ್ತದೆ, ಮತ್ತು ಓಡಿಸಿದ ಮೇಲೆ ದೋಣಿ ಎಲ್ಲಿ ನಿಲ್ಲುತ್ತದೆ. ಇವೆರಡಕ್ಕೂ ಸರಿಯಾದ ಉತ್ತರ ಸಿಕ್ಕರೆ ಉಳಿದ ಆಯ್ಕೆಗಳು ತಾವಾಗಿ ಕಿರಿದಾಗುತ್ತ ಬರುತ್ತವೆ.

ಮೊದಲು: ಯಾವ ನೀರು, ಯಾವ ಕಾಲ

ಅರಬ್ಬಿ ಸಮುದ್ರ ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಅಲೆಗಳಲ್ಲಿ ಕುಟುಂಬದ ದೋಣಿಗೆ ಕೆಲಸವಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯೇ ನಿಂತಿರುತ್ತದೆ. ಅಕ್ಟೋಬರ್‌ನಿಂದ ಮೇ ತಿಂಗಳವರೆಗಿನ ಕಾಲದಲ್ಲಿಯೂ ಬೆಳಗಿನ ಹೊತ್ತು ನೀರು ಶಾಂತವಾಗಿದ್ದು, ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಸಣ್ಣ ಸಣ್ಣ ಗಡಸು ಅಲೆಗಳು ಏಳುತ್ತವೆ. ಆದ್ದರಿಂದ ನಿಮ್ಮ ಮನೆಯವರು ನಿಜವಾಗಿ ಓಡಾಡುವುದು ತೆರೆದ ಕಡಲಿನಲ್ಲೋ, ಮಾಂಡವಿ, ಜುವಾರಿ, ಕಾಳಿ ನದಿಗಳ ಅಳಿವೆಗಳಲ್ಲೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಹತ್ತರಲ್ಲಿ ಎಂಟು ಕುಟುಂಬಗಳಿಗೆ ಅಳಿವೆಯೇ ಸಾಕು.

ಅಳಿವೆಯೆಂದರೆ ನದಿಯೇ ತಾನೆ, ಸಿಹಿನೀರೇ ತಾನೆ ಎಂದು ಭಾವಿಸುವವರಿದ್ದಾರೆ. ಮಳೆ ನಿಂತು ನದಿಯ ಹರಿವು ತಗ್ಗಿದಂತೆ ಉಬ್ಬರದ ಜೊತೆಗೆ ಉಪ್ಪುನೀರು ಬಹುದೂರದವರೆಗೆ ಒಳಕ್ಕೇರುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲನೀರಿಗೂ ಅದರ ಅರ್ಧದಷ್ಟು ಉಪ್ಪಿರುವ ಅಳಿವೆಯ ನೀರಿಗೂ ಲೋಹ ತಿನ್ನುವ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ನದಿಯಲ್ಲಿ ಓಡಿಸಿದ ದಿನವೂ ಆರೈಕೆ ಕಡಲಿನದ್ದೇ ಆಗಬೇಕು.

ಜೆಟ್ ಬೇಕೇ ಎಂಬ ಪ್ರಶ್ನೆ

ಜೆಟ್ ಬೋಟಿನ ತಳದಲ್ಲಿ ಒಂದು ಜಾಲರಿಯ ಬಾಯಿ ಇರುತ್ತದೆ. ಅದರ ಮೂಲಕ ನೀರನ್ನು ಎಳೆದುಕೊಳ್ಳುವ ಇಂಪೆಲ್ಲರ್, ಅಂದರೆ ಅಲಗುಗಳಿರುವ ಚಕ್ರ, ಅದನ್ನು ಹಿಂದಿನ ಮೂತಿಯಿಂದ ರಭಸವಾಗಿ ಚಿಮ್ಮಿಸುತ್ತದೆ. ಆ ಚಿಮ್ಮುವಿಕೆಯೇ ದೋಣಿಯನ್ನು ತಳ್ಳುತ್ತದೆ, ಮೂತಿಯ ದಿಕ್ಕೇ ದೋಣಿಯ ದಿಕ್ಕು. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ರೂಢಿಗೆ ತಂದದ್ದು ತನ್ನ ನಾಡಿನ ಆಳವಿಲ್ಲದ ನದಿಗಳಿಗಾಗಿ, ಅಂದರೆ ಸಿಹಿನೀರಿಗಾಗಿ. ಹೊರಗೆ ತಿರುಗುವ ಪ್ರೊಪೆಲ್ಲರ್ ಇಲ್ಲದಿರುವುದು ಮಕ್ಕಳು ನೀರಿಗಿಳಿಯುವ ಮನೆಗೆ ದೊಡ್ಡ ಅನುಕೂಲ. ಆದರೂ ಎಂಜಿನ್ ಚಾಲೂ ಇರುವಾಗ ಅನೇಕ ಮಾದರಿಗಳಲ್ಲಿ ಇಂಪೆಲ್ಲರ್ ಒಳಗೆ ತಿರುಗುತ್ತಲೇ ಇರುತ್ತದೆ. ಉದ್ದ ಕೂದಲು, ಸೀರೆಯ ಸೆರಗು, ದುಪಟ್ಟಾ, ಹಗ್ಗ ಯಾವುದನ್ನಾದರೂ ಅದು ಎಳೆದುಕೊಳ್ಳಬಲ್ಲದು. ಯಾರಾದರೂ ನೀರಿನಲ್ಲಿದ್ದರೆ ಎಂಜಿನ್ ಬಂದ್ ಇರಲೇಬೇಕು.

ಇನ್ನೆರಡು ಕೊರತೆಗಳನ್ನು ಅರಿತೇ ಮುಂದುವರಿಯಬೇಕು. ಥ್ರಾಟಲ್, ಅಂದರೆ ವೇಗ ಕೊಡುವ ಹಿಡಿ, ಬಿಟ್ಟರೆ ಜೆಟ್ ದೋಣಿಗೆ ಚುಕ್ಕಾಣಿಯ ಬಲವೂ ಬಹುಮಟ್ಟಿಗೆ ಹೋಗುತ್ತದೆ, ಆದ್ದರಿಂದ ಎದುರಿಗೆ ಏನಾದರೂ ಬಂದಾಗ ಗಾಬರಿಯಿಂದ ಥ್ರಾಟಲ್ ಬಿಡುವ ನೆಲದ ಮೇಲಿನ ಅಭ್ಯಾಸ ಇಲ್ಲಿ ಅಪಾಯ ತರುತ್ತದೆ. ಎರಡನೆಯದು ಉಪ್ಪುನೀರಿಗೆ ನೇರವಾಗಿ ಸಂಬಂಧಿಸಿದ್ದು. ದೋಣಿಯ ಹಿಂಬದಿಗೆ ಹೊರಗಡೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನನ್ನು ಮೇಲಕ್ಕೆ ವಾಲಿಸಿ ನೀರಿನಿಂದ ಹೊರಗೆ ಇಡಬಹುದು, ಜೆಟ್ ಪಂಪನ್ನು ಹಾಗೆ ಎತ್ತಲಾಗದು. ದೋಣಿ ಕಡಲಿನಲ್ಲಿ ಕಟ್ಟಿ ನಿಂತಷ್ಟು ದಿನವೂ ಪಂಪು ಉಪ್ಪಿನಲ್ಲಿ ಮುಳುಗಿರುತ್ತದೆ, ಅದರೊಳಗೆ ಚಿಪ್ಪುಹುಳುಗಳು ಅಂಟಿಕೊಳ್ಳುತ್ತವೆ, ಅವು ಬೆಳೆದಂತೆ ದೋಣಿಯ ಓಟ ಕುಗ್ಗುತ್ತದೆ. ವರ್ಷಪೂರ್ತಿ ಜೆಟ್ಟಿಯಲ್ಲಿ ಕಟ್ಟಿಡುವ ಯೋಚನೆಯಿದ್ದವರು ಜೆಟ್ ಬೋಟನ್ನು ಕೊಳ್ಳದಿರುವುದೇ ಲೇಸು. ಅವರಿಗೆ ಔಟ್‌ಬೋರ್ಡ್ ದೋಣಿ ಸರಿ. ಬೆಳಗಾವಿಯವರಿಗೆ ಮಾತ್ರ ಇಲ್ಲಿ ಊರಿನ ದೂರವೇ ಅನುಕೂಲವಾಗುತ್ತದೆ: ದೋಣಿ ಟ್ರೇಲರಿನ ಮೇಲೆ ಮನೆಯ ಶೆಡ್ಡಿನಲ್ಲಿ ಒಣಗಿ ನಿಲ್ಲುತ್ತದೆ, ನೀರು ಕಾಣುವುದು ರಜೆಯ ದಿನ ಮಾತ್ರ.

ಎಂಜಿನ್ನಿನ ತಂಪು: ಆಯ್ಕೆಯ ತಿರುಳು

ಜೆಟ್ ಬೋಟುಗಳ ಎಂಜಿನ್ ತಂಪಾಗುವ ಕ್ರಮ ಎರಡು ಬಗೆ. ತೆರೆದ ಕ್ರಮದಲ್ಲಿ ಪಂಪು ಎಳೆದುಕೊಂಡ ಕಡಲನೀರಿನಲ್ಲೇ ಒಂದು ಪಾಲು ಎಂಜಿನ್ನಿನ ಬ್ಲಾಕ್, ಹೆಡ್ ಹಾಗೂ ಹೊಗೆಕೊಳವೆಯ ಹೊದಿಕೆಯ ಮೂಲಕ ಹಾದು ಹೊರಬೀಳುತ್ತದೆ. ಯಮಹಾದ ಜೆಟ್ ಬೋಟುಗಳು ಈ ಬಗೆಯವು. ಮುಚ್ಚಿದ ಕ್ರಮದಲ್ಲಿ ನಮ್ಮ ಕಾರಿನಂತೆಯೇ ಎಂಜಿನ್ನಿನೊಳಗೆ ಕೂಲೆಂಟ್ ಸುತ್ತುತ್ತಿರುತ್ತದೆ, ಮತ್ತು ಆ ಕೂಲೆಂಟಿನ ಬಿಸಿಯನ್ನು ದೋಣಿಯ ತಳದಲ್ಲಿರುವ ಲೋಹದ ಫಲಕ ನೀರಿಗೆ ಬಿಟ್ಟುಕೊಡುತ್ತದೆ. ಬಿಆರ್‌ಪಿ ಕಂಪನಿಯ ರೋಟಾಕ್ಸ್ 4-ಟೆಕ್ ಎಂಜಿನ್ನುಗಳು ಈ ಬಗೆಯವು. ಅದೇ ಕಂಪನಿಯ ಸೀ-ಡೂ ಹೆಸರಿನ ಜೆಟ್ ಬೋಟುಗಳಲ್ಲಿ ಇವೇ ಇದ್ದವು, ಸ್ಕ್ಯಾರಬ್ ಜೆಟ್ ದೋಣಿಗಳಿಗೂ ಇವನ್ನು ಅಳವಡಿಸಲಾಗಿದೆ. ಸೀ-ಡೂ 2012ರಲ್ಲಿ ಜೆಟ್ ಬೋಟುಗಳನ್ನು ಕೈಬಿಟ್ಟು, 2021ರಲ್ಲಿ ಸ್ವಿಚ್ ಎಂಬ ಪಾಂಟೂನ್ (ತೇಲುಗಳ ಮೇಲೆ ಚಪ್ಪಟೆ ಅಟ್ಟವಿರುವ) ಮಾದರಿಯೊಂದಿಗೆ ಮರಳಿತು. ಅದರ ಅಗಲವಾದ ಅಟ್ಟದಂಥ ಮೈ ಅಳಿವೆಯ ಶಾಂತ ನೀರಿಗೆ ಹೇಳಿ ಮಾಡಿಸಿದ್ದು, ತೆರೆದ ಕಡಲಿಗೆ ಅಲ್ಲ.

ಉಪ್ಪುನೀರಿಗೆ ಮುಚ್ಚಿದ ಕ್ರಮವೇ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ತೆರೆದ ಕ್ರಮದಲ್ಲಿ ಎಂಜಿನ್ ನಿಲ್ಲಿಸಿದ ಮೇಲೆ ಬಿಸಿ ಬ್ಲಾಕಿನ ಸಂದಿಗಳಲ್ಲಿ ಉಳಿದ ಕಡಲನೀರು ಆವಿಯಾಗಿ ಉಪ್ಪಿನ ಹರಳು ಕಟ್ಟುತ್ತದೆ. ಹರಳು ಬೆಳೆದರೆ ನೀರಿನ ಹಾದಿ ಕಿರಿದಾಗಿ ಎಂಜಿನ್ನಿನ ಒಂದು ಭಾಗ ಮಾತ್ರ ಕಾಯತೊಡಗುತ್ತದೆ, ಅಲ್ಯೂಮಿನಿಯಂ ಒಳಗಿನಿಂದಲೇ ಸವೆಯುತ್ತದೆ. ಹೀಗೆಂದು ತೆರೆದ ಕ್ರಮದ ದೋಣಿ ಬೇಡವೇ ಬೇಡ ಎಂದು ಹೇಳುವಂತಿಲ್ಲ. ಪ್ರತಿ ಬಾರಿ ತಪ್ಪದೆ ಎಂಜಿನ್ನಿನ ಒಳಗನ್ನು ಸಿಹಿನೀರಿನಿಂದ ತೊಳೆಯುವ ಮನೆಯವರ ಕೈಯಲ್ಲಿ ಅವು ಕಡಲಿನಲ್ಲಿಯೂ ಬಹುಕಾಲ ಬಾಳಿವೆ, ಅವುಗಳ ರಚನೆ ಸರಳ. ಅದೇ ರೀತಿ ಮುಚ್ಚಿದ ಕ್ರಮವಿದ್ದರೆ ತೊಳೆಯುವ ಕೆಲಸವೇ ಇಲ್ಲ ಎಂಬ ಮಾರಾಟಗಾರರ ಮಾತನ್ನೂ ನಂಬಬಾರದು, ಏಕೆಂದರೆ ಅದರಲ್ಲಿಯೂ ಹೊಗೆಕೊಳವೆಯ ಭಾಗ ತಂಪಾಗುವುದು ಹೊರಗಿನ ನೀರಿನಿಂದಲೇ.

ಆದ್ದರಿಂದ ದೋಣಿ ನೋಡಲು ಹೋದಾಗ ಹೀಗೆ ಕೇಳಿ: ಬ್ಲಾಕಿನಲ್ಲಿ ಹರಿಯುವುದು ಯಾವ ನೀರು, ಹೊಗೆಕೊಳವೆಯಲ್ಲಿ ಹರಿಯುವುದು ಯಾವ ನೀರು, ತೊಳೆಯುವ ನೀರಿನ ಪೈಪು ಕೂಡಿಸುವ ಬಾಯಿ ಎಲ್ಲಿದೆ, ಅಲ್ಲಿಗೆ ಕೈ ಸಲೀಸಾಗಿ ತಲುಪುತ್ತದೆಯೇ. ಆ ಬಾಯಿ ಎಂಜಿನ್ ಮುಚ್ಚಳದ ಅಡಿಯ ಮೂಲೆಯಲ್ಲಿ ಅವಿತಿದ್ದರೆ, ಮಕ್ಕಳು ಹಸಿದು ಗೋಳಾಡುವ ಸಂಜೆಯಲ್ಲಿ ತೊಳೆಯುವ ಕೆಲಸ ತಪ್ಪಿಯೇ ತಪ್ಪುತ್ತದೆ. ಹಿಂಬದಿಯ ಮೆಟ್ಟಿಲ ಬಳಿಯೇ ಬಾಯಿ ಇರುವ ದೋಣಿಗೆ ನಾನು ಇಪ್ಪತ್ತು ಅಶ್ವಶಕ್ತಿ ಕಡಿಮೆಯಾದರೂ ಒಪ್ಪುತ್ತೇನೆ.

ಲೋಹದ ಲೆಕ್ಕ

ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪುಗಳ ನಡುವೆ ಬೆಳೆದ ಬೆಳಗಾವಿಯವರಿಗೆ ಈ ಭಾಗವನ್ನು ವಿವರಿಸುವುದು ಸುಲಭ. ಜೆಟ್ ಪಂಪಿನ ಮೈ ಸಾಮಾನ್ಯವಾಗಿ ಅಲ್ಯೂಮಿನಿಯಂ, ಒಳಗಿನ ಇಂಪೆಲ್ಲರ್ ಸ್ಟೇನ್‌ಲೆಸ್ ಸ್ಟೀಲ್. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನಿಂತರೆ ಅದು ಬ್ಯಾಟರಿಯಾಗುತ್ತದೆ, ಮತ್ತು ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಇದನ್ನು ತಡೆಯಲು ಅದಕ್ಕಿಂತ ಬೇಗ ಸವೆಯುವ ಲೋಹದ ತುಂಡನ್ನು, ಅಂದರೆ ಆನೋಡನ್ನು, ಪಂಪಿಗೆ ಬಿಗಿದಿರುತ್ತಾರೆ. ಕಡಲಿಗೆ ಸತುವಿನ ಆನೋಡ್ ಆಗುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಮೆಗ್ನೀಸಿಯಂ ಆನೋಡ್ ಸಿಹಿನೀರಿಗೆ ಮಾತ್ರ, ಕಡಲಿಗಿಳಿಸಿದರೆ ಬಹುಬೇಗ ಕರಗಿಹೋಗುತ್ತದೆ. ಅಳಿವೆಯಲ್ಲೂ ಕಡಲಲ್ಲೂ ಓಡುವ ದೋಣಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಆನೋಡ್ ಒಳ್ಳೆಯದು. ಅರ್ಧದಷ್ಟು ಸವೆದ ಕೂಡಲೇ ಬದಲಿಸಬೇಕು, ಅದರ ಮೇಲೆ ಎಂದಿಗೂ ಬಣ್ಣ ಬಳಿಯಬಾರದು. ಕೊಳ್ಳುವ ಮಾದರಿಗೆ ಆನೋಡುಗಳು ಎಷ್ಟಿವೆ, ಎಲ್ಲೆಲ್ಲಿ ಇವೆ, ಬದಲಿ ತುಂಡುಗಳು ಭಾರತದಲ್ಲಿ ಸಿಗುತ್ತವೆಯೇ ಎಂಬುದನ್ನು ಬೆಲೆ ಮಾತಾಡುವ ಮೊದಲೇ ತಿಳಿದುಕೊಳ್ಳಿ.

ಊರಿನಲ್ಲಿ ಎಂಥ ಕೆಲಸವನ್ನಾದರೂ ಮಾಡಿಕೊಡುವ ಲೇತ್ ಅಂಗಡಿಗಳಿವೆ ಎಂಬ ಧೈರ್ಯಕ್ಕೂ ಒಂದು ಮಿತಿಯಿದೆ. ಟ್ರೇಲರಿನ ಕೆಲಸವನ್ನು ಅವರಿಗೆ ನಿಶ್ಚಿಂತೆಯಿಂದ ಒಪ್ಪಿಸಬಹುದು. ಆದರೆ ಪಂಪಿನಿಂದ ಬಿದ್ದ ಬೋಲ್ಟಿನ ಜಾಗಕ್ಕೆ ಸಾದಾ ಕಬ್ಬಿಣದ ಬೋಲ್ಟು ಬಿಗಿದರೆ, ಇಲ್ಲವೆ ಡೊಂಕಾದ ಇಂಪೆಲ್ಲರ್ ಅಲಗನ್ನು ಅಂದಾಜಿನಲ್ಲಿ ತಟ್ಟಿ ಸರಿಮಾಡಿದರೆ, ಪಂಪೇ ಕೈಕೊಡಬಹುದು. ಹೊರಗಿನ ಹಗ್ಗ ಕಟ್ಟುವ ಕ್ಲೀಟು, ಹಿಡಿಕೆ, ಬಿಜಾಗರಿಗಳೆಲ್ಲ 316 ದರ್ಜೆಯ ಸ್ಟೇನ್‌ಲೆಸ್ ಇರಬೇಕು, ವೈರುಗಳು ತವರ ಲೇಪಿಸಿದ ತಾಮ್ರದವಾಗಿರಬೇಕು.

ಅಳತೆ, ಎಂಜಿನ್ ಸಂಖ್ಯೆ ಮತ್ತು ಘಾಟಿನ ದಾರಿ

ಕುಟುಂಬದ ಜೆಟ್ ಬೋಟುಗಳು ಹೆಚ್ಚಾಗಿ 19ರಿಂದ 25 ಅಡಿಯ ಆಸುಪಾಸಿನಲ್ಲಿರುತ್ತವೆ. ಚಿಕ್ಕವಕ್ಕೆ ಒಂದೇ ಎಂಜಿನ್ ಇರುವುದು ರೂಢಿ, ದೊಡ್ಡವಕ್ಕೆ ಎರಡು. ಅಳಿವೆಯಲ್ಲಿ ತೇಲುವ ಪ್ಲಾಸ್ಟಿಕ್ ಚೀಲ, ಹರಿದ ಬಲೆಯ ತುಂಡು, ಜೊಂಡು ಇವು ಜಾಲರಿಗೆ ಸಿಕ್ಕಿಕೊಳ್ಳುವುದು ಅಪರೂಪವಲ್ಲ, ಆಗ ಒಂದೇ ಎಂಜಿನ್ನಿನ ದೋಣಿ ನಿಂತಲ್ಲೇ ನಿಲ್ಲುತ್ತದೆ. ಎರಡಿದ್ದರೆ ಇನ್ನೊಂದರಲ್ಲಿ ನಿಧಾನವಾಗಿ ದಡ ಸೇರಬಹುದು. ತೆರೆದ ಕಡಲಿಗೆ ಹೋಗುವವರು ಎರಡು ಎಂಜಿನ್ನಿಗೆ ಮನಸ್ಸು ಮಾಡುವುದು ಒಳಿತು. ಅಳಿವೆಯಲ್ಲೇ ಇರುವವರಿಗೆ ಒಂದು ಸಾಕು, ಆದರೆ ಕಸ ತೆಗೆಯಲು ಒಳಗಿನಿಂದಲೇ ತೆರೆಯುವ ಮುಚ್ಚಳ ಇರುವ ಮಾದರಿಯನ್ನು ನೋಡಬೇಕು. ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಆ ಮುಚ್ಚಳಕ್ಕೆ ಕೈ ಹಾಕತಕ್ಕದ್ದು.

ದೋಣಿಯ ತಳ ಹಿಂಬದಿಯಲ್ಲಿಯೂ ಚೂಪಾಗಿದ್ದು 18ರಿಂದ 20 ಡಿಗ್ರಿಯಷ್ಟು ಕೋನವಿದ್ದರೆ ಮಧ್ಯಾಹ್ನದ ಅಲೆಗಳನ್ನು ಸೀಳಿಕೊಂಡು ಹೋಗುತ್ತದೆ, ಚಪ್ಪಟೆಯಾಗಿದ್ದರೆ ಪ್ರತಿ ಅಲೆಗೂ ಸೊಂಟಕ್ಕೆ ಪೆಟ್ಟು. ಮನೆಯ ಹಿರಿಯರನ್ನು ಕೂರಿಸಿಕೊಳ್ಳುವವರು ಈ ಕೋನವನ್ನು ಕೇಳದೆ ಮುಂಗಡ ಕೊಡಬಾರದು.

ಇಷ್ಟಾದ ಮೇಲೆ ತೂಕ. 19 ಅಡಿಯ ದೋಣಿಗೆ ಟ್ರೇಲರು, ಪೆಟ್ರೋಲು, ಸಾಮಾನು ಸೇರಿದರೆ ಒಂದೂವರೆ ಟನ್ನು ಮೀರುತ್ತದೆ. 150 ಲೀಟರ್ ಪೆಟ್ರೋಲೇ ಸುಮಾರು 110 ಕಿ.ಗ್ರಾಂ. 25 ಅಡಿಯದಾದರೆ ಎರಡು ಟನ್ನು ಸುಲಭವಾಗಿ ದಾಟುತ್ತದೆ. ಚೋರ್ಲಾ ಘಾಟಿನ ತಿರುವುಗಳಲ್ಲಿ ಇಷ್ಟು ಭಾರ ಹಿಂದಿನಿಂದ ತಳ್ಳುವಾಗ ಟ್ರೇಲರಿಗೆ ತನ್ನದೇ ಬ್ರೇಕು ಇರದಿದ್ದರೆ ಕಾರಿನ ಬ್ರೇಕು ಕಾದು ಸೋಲುತ್ತದೆ. ನಿಮ್ಮ ವಾಹನ ಎಷ್ಟು ಭಾರ ಎಳೆಯಬಹುದೆಂದು ಕಂಪನಿಯ ಕೈಪಿಡಿಯಲ್ಲಿ ನೋಡಿ, ಅದಕ್ಕೆ ತಕ್ಕ ದೋಣಿಯನ್ನು ಆರಿಸಿ. ದೋಣಿಯನ್ನು ಕೊಂಡು ಆಮೇಲೆ ವಾಹನ ಹುಡುಕುವುದು ದುಬಾರಿಯ ದಾರಿ. ಟ್ರೇಲರು ಬಿಸಿ ಗ್ಯಾಲ್ವನೈಸ್ ಆಗಿರಲಿ, ಬಣ್ಣ ಬಳಿದ ಕಬ್ಬಿಣದ್ದು ಬೇಡ. ದಡದ ಇಳಿಜಾರಾದ ರ್‍ಯಾಂಪಿಗೆ ಇಳಿಸುವ ಮೊದಲು ಚಕ್ರಗಳನ್ನು ಆರಲು ಬಿಡಬೇಕು, ಏಕೆಂದರೆ ಬಿಸಿಯಾದ ಹಬ್ ತಣ್ಣೀರಿಗೆ ಇಳಿದೊಡನೆ ಕಡಲನೀರನ್ನು ಬೇರಿಂಗಿನೊಳಕ್ಕೆ ಎಳೆದುಕೊಳ್ಳುತ್ತದೆ. ವಿಜಯಪುರ, ಬಾಗಲಕೋಟೆಯ ಕಡೆಯವರಿಗೆ ದಾರಿ ಇನ್ನೂ ಉದ್ದವಾಗಿರುವುದರಿಂದ ಬೇರಿಂಗು, ಗ್ರೀಸು, ಒಂದು ಹೆಚ್ಚುವರಿ ಚಕ್ರ ಇವುಗಳ ಕಡೆಗೆ ಅವರು ಹೆಚ್ಚಿನ ಗಮನ ಕೊಡಬೇಕು.

ಪೆಟ್ರೋಲಿನ ತೊಡಕು

ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳ ಎಥನಾಲು ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಬೆರೆತು ಬರುತ್ತಿದೆ. ಕಬ್ಬು ಬೆಳೆಗಾರರಿಗೆ ಇದು ಒಳ್ಳೆಯದಿರಬಹುದು, ಜೆಟ್ ಬೋಟಿನ ಎಂಜಿನ್ನಿಗೆ ಅಲ್ಲ. ಯಮಹಾ, ರೋಟಾಕ್ಸ್ ಎರಡರ ಕೈಪಿಡಿಗಳೂ ಸಾಮಾನ್ಯವಾಗಿ ಶೇ. 10ಕ್ಕಿಂತ ಹೆಚ್ಚು ಎಥನಾಲನ್ನು ಒಪ್ಪುವುದಿಲ್ಲ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ವಾರಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಬೆರೆತ ಎಥನಾಲು ಬೇರ್ಪಟ್ಟು ತಳಕ್ಕಿಳಿಯುತ್ತದೆ, ಎಂಜಿನ್ ಮೊದಲು ಹೀರುವುದು ಅದನ್ನೇ. ನೀವು ನೋಡುತ್ತಿರುವ ಮಾದರಿಗೆ ಭಾರತದ ಪೆಟ್ರೋಲಿನಲ್ಲಿ ವಾರಂಟಿ ನಿಲ್ಲುತ್ತದೆಯೇ ಎಂಬುದನ್ನು ಮಾರಾಟಗಾರರಿಂದ ಬರವಣಿಗೆಯಲ್ಲಿ ಪಡೆಯಿರಿ. ಎಥನಾಲು ಕಡಿಮೆಯಿರುವ ದುಬಾರಿ ಪೆಟ್ರೋಲು ಎಲ್ಲಿ ಸಿಗುತ್ತದೆಂದು ವಿಚಾರಿಸಿ ಅದರ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಿರಿ, ಮತ್ತು ಟ್ಯಾಂಕು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಕೊಳ್ಳುವ ಮೊದಲೇ ತೊಳೆದು ನೋಡಿ

ಮಾರಾಟಗಾರರ ಅಂಗಳದಲ್ಲಿಯೇ ತೊಳೆಯುವ ಕ್ರಮವನ್ನು ಅವರಿಂದ ಮಾಡಿಸಿ, ನಂತರ ನೀವೇ ಒಮ್ಮೆ ಮಾಡಿ. ನೀರಿನ ಪೈಪನ್ನು ಬಾಯಿಗೆ ಕೂಡಿಸಬೇಕು, ಆದರೆ ನಲ್ಲಿ ತಿರುಗಿಸಬಾರದು. ಮೊದಲು ಎಂಜಿನ್ ಚಾಲೂ ಮಾಡಿ, ಕೂಡಲೇ ನಲ್ಲಿ ಬಿಡಬೇಕು. ಹಿಂಬದಿಯ ರಂಧ್ರದಿಂದ ನೀರು ಎಡೆಬಿಡದೆ ಹೊರಬರುವುದನ್ನು ನೋಡುತ್ತ, ಕೈಪಿಡಿ ಹೇಳಿದಷ್ಟು ನಿಮಿಷ ಮಾತ್ರ ಓಡಿಸಬೇಕು. ಮುಗಿಸುವಾಗ ಮೊದಲು ನಲ್ಲಿ ಬಂದ್, ಬಳಿಕ ಒಂದೆರಡು ಬಾರಿ ಥ್ರಾಟಲ್ ಕೊಟ್ಟು ಉಳಿದ ನೀರನ್ನು ಹೊರಕ್ಕೆ ತಳ್ಳಿ, ಕೊನೆಗೆ ಎಂಜಿನ್ ಬಂದ್. ಈ ಕ್ರಮ ತಿರುಗುಮುರುಗಾದರೆ, ಅಂದರೆ ಎಂಜಿನ್ ನಿಂತಿರುವಾಗ ನೀರು ಹರಿದರೆ, ಅದು ಹೊಗೆಕೊಳವೆಯ ಮೂಲಕ ಹಿಮ್ಮುಖವಾಗಿ ಸಿಲಿಂಡರಿಗೇ ನುಗ್ಗಬಹುದು. ಯಾವುದೇ ದೋಣಿಗೂ ಅದರದೇ ಕೈಪಿಡಿಯ ಕ್ರಮವೇ ಅಂತಿಮ.

ಬೆಳಗಾವಿಗೆ ಮರಳಿದ ಮೇಲೆ ತೊಳೆದರಾಯಿತು ಎಂಬುದು ಸಲ್ಲದು. ಘಾಟು ಹತ್ತಿ ಮನೆ ಸೇರುವಷ್ಟರಲ್ಲಿ ಉಪ್ಪು ಒಣಗಿ ಗಟ್ಟಿಯಾಗಿರುತ್ತದೆ. ದಡದ ಹತ್ತಿರವೇ ನಲ್ಲಿಯಿರುವ ರ್‍ಯಾಂಪು, ತಂಗುವ ಮನೆ ಅಥವಾ ಗ್ಯಾರೇಜನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮನೆಯಲ್ಲಿ ಎರಡನೆಯ ಸಲ ಹೊರಮೈ, ಟ್ರೇಲರು, ಬ್ರೇಕುಗಳನ್ನು ತೊಳೆಯುವಾಗ ನಗರದ ನಲ್ಲಿಗೆ ಬರುವ ರಕ್ಕಸಕೊಪ್ಪ ಜಲಾಶಯದ ನೀರೇ ಒಳ್ಳೆಯದು. ವಿಜಯಪುರದ ಕಡೆಯ ಗಡಸು ಬೋರ್‌ವೆಲ್ ನೀರನ್ನೇ ಎಂಜಿನ್ನಿಗೆ ಮತ್ತೆ ಮತ್ತೆ ಹರಿಸಿದರೆ ಉಪ್ಪು ಹೋಗಿ ಸುಣ್ಣ ಕೂರುತ್ತದೆ.

ಹಳೆಯ ದೋಣಿಯ ಪರೀಕ್ಷೆ

"ಸಮುದ್ರಕ್ಕ ಒಮ್ಮಿನೂ ಇಳಿಸಿಲ್ರಿ, ಬರೇ ಡ್ಯಾಮಿನಾಗ ಓಡಿಸೇವ್ರಿ" ಎಂಬ ಮಾತು ಕೇಳಿಬಂದಾಗ ಟಾರ್ಚ್ ಹಿಡಿದು ಎಂಜಿನ್ ಮುಚ್ಚಳದಡಿ ಬಗ್ಗಬೇಕು. ಹೋಸ್ ಕ್ಲಿಪ್ಪುಗಳ ಸುತ್ತ ಬಿಳಿ ಪುಡಿ, ಬೋಲ್ಟಿನ ತಲೆಗಳ ಕೆಳಗೆ ಬಣ್ಣ ಗುಳ್ಳೆಯೆದ್ದಿರುವುದು, ವೈರಿನ ತುದಿಗಳಲ್ಲಿ ಹಸಿರು ಕಿಲುಬು, ಇವು ಕಡಲಿನ ಗುರುತು. ಹಿಂದಕ್ಕೆ ಬಂದು ಪಂಪಿನ ಬಾಯಲ್ಲಿ ಬೆಳಕು ಹಾಯಿಸಿ. ಇಂಪೆಲ್ಲರಿನ ಅಂಚುಗಳು ಇಲಿ ಕಡಿದಂತಿದ್ದರೆ ಅದು ಮರಳು ಎಳೆದಿದೆ. ಅಲಗಿಗೂ ಸುತ್ತಲಿನ ಉಂಗುರಕ್ಕೂ ನಡುವಿನ ಸಂದು ಹೆಚ್ಚಿದ್ದರೆ ಎಂಜಿನ್ ಕೂಗುತ್ತದೆ, ದೋಣಿ ಓಡುವುದಿಲ್ಲ. ಆನೋಡು ಹೊಚ್ಚ ಹೊಸದಾಗಿದ್ದು ಅದರ ಸುತ್ತಲ ಅಲ್ಯೂಮಿನಿಯಂ ಗುಳಿಬಿದ್ದಿದ್ದರೆ, ಮಾರಾಟಕ್ಕೆಂದೇ ಅದನ್ನು ಬದಲಿಸಿದ್ದಾರೆ ಎಂದು ತಿಳಿಯಬೇಕು. ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಅಲ್ಲಿಗೆ ಮಾತು ಮುಗಿಸಿ. ಸರಿಯಿದ್ದರೆ ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಅಳತೆ ಮಾಡಿಸಿ, ಗಂಟೆಗಳ ಮೀಟರನ್ನು ಸರ್ವಿಸ್ ದಾಖಲೆಯೊಂದಿಗೆ ತಾಳೆ ನೋಡಿ.

ನೀರಿನ ಮೇಲಿನ ಪರೀಕ್ಷೆ

ಪರೀಕ್ಷೆಯ ಓಟವನ್ನು ಬೆಳಿಗ್ಗೆಯ ಕನ್ನಡಿಯಂಥ ನೀರಿನಲ್ಲಿ ಒಪ್ಪಿಕೊಳ್ಳಬೇಡಿ, ಗಾಳಿ ಎದ್ದ ಮೇಲೆ ಕೇಳಿ. ಮನೆಮಂದಿಯಷ್ಟೇ ಜನರನ್ನು ಕೂರಿಸಿ ಓಡಿಸಿದಾಗಲೇ ದೋಣಿಯ ನಿಜವಾದ ಶಕ್ತಿ ಗೊತ್ತಾಗುವುದು. ಪೆಟ್ರೋಲಿನ ಆವಿ ಹೋಗಲಾಡಿಸಲು ಬ್ಲೋವರನ್ನು ನಾಲ್ಕು ನಿಮಿಷ ಓಡಿಸಿ ನಂತರ ಎಂಜಿನ್ ಚಾಲೂ ಮಾಡಬೇಕು. ಜಾಲರಿಯ ಕೆಳಗೆ ಮೂರು ಅಡಿ ನೀರು ಸಿಗುವವರೆಗೆ ಥ್ರಾಟಲ್ ಕೊಡಬಾರದು. ನಿಧಾನಗತಿಯಲ್ಲಿ ದೋಣಿ ಎಷ್ಟು ಅತ್ತಿತ್ತ ಓಲಾಡುತ್ತದೆ, ಹಿಮ್ಮುಖ ಚಲನೆ ಹೇಗಿದೆ, ಥ್ರಾಟಲ್ ಬಿಟ್ಟಾಗ ಎಷ್ಟು ತಿರುಗುತ್ತದೆ ಎಂಬುದನ್ನು ಮನೆಯಲ್ಲಿ ಓಡಿಸುವ ಪ್ರತಿಯೊಬ್ಬರೂ ಸ್ವತಃ ನೋಡಬೇಕು. ಎಂಜಿನ್ ನಿಲ್ಲಿಸುವ ಸುರಕ್ಷತಾ ದಾರವನ್ನು ಎಳೆದು ಪರೀಕ್ಷಿಸಿ. ಮಕ್ಕಳ ಅಳತೆಗೆ ತಕ್ಕ ಲೈಫ್ ಜಾಕೆಟ್, ಲಂಗರು, ಅಗ್ನಿಶಾಮಕ, ಕಡಲಿನಲ್ಲಿ ಸಂಪರ್ಕಕ್ಕೆ ಬಳಸುವ ವಿಎಚ್‌ಎಫ್ ರೇಡಿಯೋ ಇವುಗಳ ಬೆಲೆ ದೋಣಿಯ ಬೆಲೆಯಲ್ಲೇ ಸೇರಿದೆ ಎಂದು ಭಾವಿಸಿಕೊಳ್ಳಿ. ರೇಡಿಯೋದಲ್ಲಿ ತುರ್ತು ಚಾನೆಲ್ 16, ಕೋಸ್ಟ್ ಗಾರ್ಡ್ ಸಹಾಯವಾಣಿ 1554.

ಕಾಗದಪತ್ರ ಮತ್ತು ಪೂರ್ಣ ಬೆಲೆ

ವಿಹಾರದ ದೋಣಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ಆಮದು ಸುಂಕ, ಸಾಗಣೆ, ಟ್ರೇಲರು, ನೋಂದಣಿ ಎಲ್ಲ ಸೇರಿ ಬೆಳಗಾವಿಯ ಬಾಗಿಲಿಗೆ ಬೀಳುವ ಬೆಲೆಯನ್ನೇ ಬರವಣಿಗೆಯಲ್ಲಿ ಕೇಳಬೇಕು. ದೋಣಿಯನ್ನು ನೀರಿಗಿಳಿಸುವ ರಾಜ್ಯದ ಪ್ರಾಧಿಕಾರದೊಂದಿಗೆ, ಅಂದರೆ ಗೋವಾದಲ್ಲಿ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ, ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ ಆಯಾ ಮೆರಿಟೈಮ್ ಬೋರ್ಡ್, ನೋಂದಣಿ ಮತ್ತು ಚಾಲಕರ ಪರವಾನಗಿಯ ನಿಯಮಗಳನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಿ. ಟ್ರೇಲರಿಗೆ ಆರ್‌ಟಿಒ ನೋಂದಣಿ ಬೇರೆಯೇ ಬೇಕು. ಹಿಡಕಲ್ ಅಥವಾ ಆಲಮಟ್ಟಿಯ ಹಿನ್ನೀರಿನಲ್ಲಿ ಅಭ್ಯಾಸ ಮಾಡುವ ಆಸೆಯಿದ್ದರೆ ಆ ಜಲಾಶಯದ ನಿಗಮದ ಅನುಮತಿ ಪಡೆಯದೆ ದೋಣಿ ಇಳಿಸಬಾರದು. ವಿಮೆಯ ಪಾಲಿಸಿಯನ್ನು ಓದುವಾಗ ಎರಡು ಸಾಲುಗಳನ್ನು ಹುಡುಕಿ: ಟ್ರೇಲರಿನ ಮೇಲೆ ರಸ್ತೆಯಲ್ಲಿ ಸಾಗುವಾಗಿನ ಹಾನಿಗೆ ರಕ್ಷಣೆ ಇದೆಯೇ, ಮತ್ತು ದಡದಿಂದ ಎಷ್ಟು ದೂರದವರೆಗೆ ಕಡಲಿನಲ್ಲಿ ಅದು ಅನ್ವಯಿಸುತ್ತದೆ.